ಮೊದಲು ಟಿಕೆಟ್ ಓದೋಣ, ಆಮೇಲೆ ವಿಮಾನ ಹತ್ತೋಣ



ನಿಟ್ಟೂರು ಭಾಗದ ನಮ್ಮ ಒಂದು ಸಂಘದ ಸದಸ್ಯೆಯೊಬ್ಬರ ವಿಷಯವನ್ನು ಮೊದಲು ಹೇಳುತ್ತೇವೆ. ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಅವರ ಅಳಿಯ ಸೈನ್ಯದಲ್ಲಿದ್ದು ದೆಹಲಿಯಲ್ಲಿ ಸಂಸಾರ ಇಟ್ಟುಕೊಂಡಿದ್ದಾರೆ. ಮಗಳು ಚೊಚ್ಚಲು ಬಸುರಿ. ಹೆರಿಗೆಗೆ ತವರಿಗೆ ಬರಬೇಕಾದವಳು, ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅಲ್ಲೇ ಉಳಿದಳು. ದಿನ ತುಂಬುವ ಮೊದಲೇ ಹೆರಿಗೆಯಾಗಿ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ರೈಲಿನಲ್ಲಿ ಹೋದರೆ ಎರಡು ರಾತ್ರಿ. ಅದಕ್ಕೇ ತಾಯಿ ಸಂಘದಿಂದ ಆಂತರಿಕ ಸಾಲ ತೆಗೆದು, ಪೇಟೆಯ ಅಂಗಡಿಯೊಂದರಲ್ಲಿ ವಿಮಾನದ ಟಿಕೆಟ್ ಮಾಡಿಸಿದರು.

ಟಿಕೆಟ್‌ನಲ್ಲಿ 15ನೇ ತಾರೀಕು, ಸಮಯ 00:40 ಎಂದಿತ್ತು. ಅವರು 15ನೇ ತಾರೀಕು ಸಂಜೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ವಿಮಾನ ನಿಲ್ದಾಣ ತಲುಪಿದರು. ಬಾಗಿಲಲ್ಲೇ ಟಿಕೆಟ್ ನೋಡಿದವರು, "ಅಮ್ಮಾ, ಈ ವಿಮಾನ ನಿನ್ನೆ ರಾತ್ರಿನೇ ಹೋಯ್ತಲ್ಲ" ಅಂದರು. ಆ ಹೊತ್ತಿಗೆ ಬೇರೆ ಟಿಕೆಟ್‌ನ ಬೆಲೆ ಎರಡು ಪಟ್ಟು. ಕೊನೆಗೆ ರೈಲಿನಲ್ಲೇ ಹೋದರು. ಮಗಳು ಮೂರು ದಿನ ಒಬ್ಬಳೇ ಆಸ್ಪತ್ರೆಯಲ್ಲಿದ್ದಳು.

"ಸಿಸ್ಟರ್, ಹದಿನೈದು ಅಂತ ಇತ್ತಲ್ವಾ, ಹದಿನೈದಕ್ಕೇ ಹೋದೆ ಕಣ್ರೀ" ಎಂದು ಅವರು ಫೋನಿನಲ್ಲಿ ಅತ್ತಾಗ ನಮಗೂ ಮಾತು ಹೊರಡಲಿಲ್ಲ. ಏಕೆಂದರೆ ಆ ಟಿಕೆಟನ್ನು ನಾವೂ ನೋಡಿದ್ದೆವು. ತಾರೀಕು ನೋಡಿ, ಸರಿ ಇದೆ ಎಂದು ಹೇಳಿ ಕಳಿಸಿದವರು ನಾವೇ. ಓದು ಬರಹ ಕಡಿಮೆ ಇದ್ದುದರಿಂದ ಹೀಗಾಯಿತು ಎಂದು ಯಾರೂ ಹೇಳುವ ಹಾಗಿಲ್ಲ. ಓದಿದ ನಾವೇ ಓದಲಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ವಿಮಾನ ಪ್ರಯಾಣದ ಬಗ್ಗೆ, ಮುಖ್ಯವಾಗಿ ಟಿಕೆಟ್ ಓದುವುದರ ಬಗ್ಗೆ ಬರೆಯುತ್ತಿದ್ದೇವೆ.

ವಿಮಾನ ದೊಡ್ಡವರಿಗೆ ಮಾತ್ರವೇ?

ಒಂದು ಕಾಲಕ್ಕೆ ಹೌದು. 2003ರ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಎಂಬ ಕಡಿಮೆ ದರದ ಸಂಸ್ಥೆ ಶುರು ಮಾಡಿದ ಮೇಲೆ ಸಾಮಾನ್ಯರೂ ವಿಮಾನದ ಕಡೆ ನೋಡುವಂತಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಯವರೆಗೆ ಬೆಂಗಳೂರಿನ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ನಮ್ಮ ರೈಲು ದಾರಿಯ ಆ ಕಡೆಯ ಶಿವಮೊಗ್ಗದಲ್ಲೂ 2023ರಲ್ಲಿ ವಿಮಾನ ನಿಲ್ದಾಣ ಆಯಿತು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಅದೇ ವರ್ಷ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹಾರುವ ಯಂತ್ರವನ್ನೇ ಮಾಡುವ ತಾಲ್ಲೂಕಿನವರು ನಾವು. ಅದರಲ್ಲಿ ಕೂರುವುದಕ್ಕೆ ಹೆದರಬೇಕಾಗಿಲ್ಲ. ಟಿಕೆಟ್ ಓದಲು ಕಲಿತರೆ ಸಾಕು.

ಟಿಕೆಟ್‌ನಲ್ಲಿ ನೋಡಬೇಕಾದ ಐದು ವಿಷಯಗಳು

1. ಹೆಸರು. ಟಿಕೆಟ್‌ನ ಹೆಸರು ಗುರುತಿನ ಚೀಟಿಯಲ್ಲಿ ಇರುವ ಹಾಗೇ ಇರಬೇಕು. ದೇಶದೊಳಗೆ ಆಧಾರ್ ಅಥವಾ ಮತದಾರರ ಚೀಟಿ ಸಾಕು, ವಿದೇಶಕ್ಕೆ ಪಾಸ್‌ಪೋರ್ಟ್ ಬೇಕೇ ಬೇಕು. ಮನೆಯಲ್ಲಿ ಗಂಗಮ್ಮ, ಆಧಾರ್‌ನಲ್ಲಿ ಗಂಗಾದೇವಿ ಎಂದಿದ್ದರೆ ಟಿಕೆಟ್‌ಗೆ ಗಂಗಾದೇವಿ ಎಂದೇ ಕೊಡಬೇಕು. ಆದ್ದರಿಂದ ಟಿಕೆಟ್ ಮಾಡಿಸುವಾಗ ಬಾಯಲ್ಲಿ ಹೆಸರು ಹೇಳಬೇಡಿ, ಚೀಟಿಯನ್ನೇ ಮುಂದೆ ಇಡಿ. ವಿಮಾನ ಸಂಸ್ಥೆಯ ವೆಬ್‌ಸೈಟ್‌ನಲ್ಲೇ ನೇರವಾಗಿ ಟಿಕೆಟ್ ಮಾಡಿದ್ದರೆ, ಅಕ್ಷರ ತಪ್ಪನ್ನು 24 ಗಂಟೆಯೊಳಗೆ ತಿಳಿಸಿದಾಗ ಹಣ ಪಡೆಯದೆ ತಿದ್ದಿಕೊಡಬೇಕು ಎಂಬ ನಿಯಮ ಇದೆ.

ಪಾಸ್‌ಪೋರ್ಟ್ ಮಾಡಿಸುವವರು ಇನ್ನೊಂದು ವಿಷಯ ಗಮನಿಸಿ. ನಮ್ಮಲ್ಲಿ ಅನೇಕರಿಗೆ ಒಂದೇ ಹೆಸರು, ಅಡ್ಡಹೆಸರು ಇರುವುದಿಲ್ಲ. ದುಬೈ, ಅಬುಧಾಬಿ ಇರುವ ಯುಎಇ ದೇಶವು 2022ರ ನವೆಂಬರ್‌ನಿಂದ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳನ್ನು ಬಿಟ್ಟುಕೊಳ್ಳುವುದಿಲ್ಲ ಎಂದು ನಿಯಮ ಮಾಡಿತು. ಅರ್ಜಿ ಹಾಕುವಾಗಲೇ ತಂದೆಯ ಅಥವಾ ಗಂಡನ ಹೆಸರನ್ನು ಸೇರಿಸಿ ಎರಡು ಹೆಸರು ಬರುವಂತೆ ನೋಡಿಕೊಳ್ಳಿ.

2. ತಾರೀಕು ಮತ್ತು ಸಮಯ. ನಮ್ಮ ಸದಸ್ಯೆ ಎಡವಿದ್ದು ಇಲ್ಲೇ. ನಮ್ಮ ಪಂಚಾಂಗದಲ್ಲಿ ದಿನ ಹುಟ್ಟುವುದು ಸೂರ್ಯ ಹುಟ್ಟಿದಾಗ. ಅದಕ್ಕೇ ನಡುರಾತ್ರಿ ಕಳೆದ ಮೇಲೂ ನಾವು ಅದನ್ನು ಹಿಂದಿನ ದಿನದ ರಾತ್ರಿ ಅಂತಲೇ ಲೆಕ್ಕ ಹಾಕುತ್ತೇವೆ. ವಿಮಾನದವರ ದಿನ ಹುಟ್ಟುವುದು ನಡುರಾತ್ರಿ 12ಕ್ಕೆ. 15ನೇ ತಾರೀಕು 00:40 ಎಂದರೆ, 14ನೇ ತಾರೀಕು ರಾತ್ರಿ ಊಟ ಮುಗಿದ ಮೇಲೆ ಬರುವ 12 ಗಂಟೆ 40 ನಿಮಿಷ. ಹೀಗೆ ನೆನಪಿಟ್ಟುಕೊಳ್ಳಿ: ಸಮಯ 00, 01, 02, 03, 04 ಎಂದು ಶುರುವಾದರೆ ಮನೆ ಬಿಡಬೇಕಾದ್ದು ಹಿಂದಿನ ದಿನ. 13ರಿಂದ ಮೇಲಿದ್ದರೆ 12 ಕಳೆಯಿರಿ. 17:30 ಎಂದರೆ ಸಂಜೆ ಐದೂವರೆ. ವಿದೇಶದ ಟಿಕೆಟ್‌ನಲ್ಲಿ ಇಳಿಯುವ ಸಮಯ ಆ ದೇಶದ ಗಡಿಯಾರದ್ದು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.

3. ಪಿಎನ್‌ಆರ್. ಆರು ಅಕ್ಷರ ಅಥವಾ ಅಂಕಿಗಳ ಗುರುತು. ಇದೇ ಟಿಕೆಟ್‌ನ ಜೀವ. ಟಿಕೆಟ್ ಕೈಗೆ ಬಂದ ಕೂಡಲೇ ವಿಮಾನ ಸಂಸ್ಥೆಯ ಸಹಾಯವಾಣಿಗೆ ಈ ಗುರುತು ಹೇಳಿ, "ಈ ಟಿಕೆಟ್ ಪಕ್ಕಾ ಆಗಿದೆಯಾ?" ಎಂದು ಕೇಳಿ. ಅಂಗಡಿಯವರು ಕೊಟ್ಟದ್ದು ಬರೀ ಕಾಯ್ದಿರಿಸಿದ ಚೀಟಿಯೋ, ಹಣ ಕಟ್ಟಿದ ಟಿಕೆಟ್ಟೋ ಎಂಬುದು ಆಗಲೇ ತಿಳಿಯುತ್ತದೆ. ಟಿಕೆಟ್ ಮಾಡುವಾಗ ಅಂಗಡಿಯವರ ಫೋನ್ ನಂಬರ್ ಕೊಟ್ಟರೆ, ಸಮಯ ಬದಲಾದ ಸಂದೇಶ ಅವರಿಗೇ ಹೋಗುತ್ತದೆ. ನಿಮ್ಮ ನಂಬರ್ ಕೊಡಿಸಿ.

4. ಟರ್ಮಿನಲ್. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಎರಡು ಕಟ್ಟಡಗಳಿವೆ. ಟಿಕೆಟ್‌ನಲ್ಲಿ ಟಿ1 ಅಥವಾ ಟಿ2 ಎಂದು ಬರೆದಿರುತ್ತದೆ. 2023ರ ಸೆಪ್ಟೆಂಬರ್ 12ರಂದು ವಿದೇಶ ವಿಮಾನಗಳನ್ನು ಟಿ2ಗೆ ಸ್ಥಳಾಂತರಿಸಲಾಯಿತು. ದೇಶದೊಳಗಿನವು ಸಂಸ್ಥೆಯನ್ನು ನೋಡಿಕೊಂಡು ಎರಡರಲ್ಲೂ ಇವೆ.

5. ತೂಕ. ದೇಶದೊಳಗಿನ ಸಾಮಾನ್ಯ ಟಿಕೆಟ್‌ಗೆ ಒಳಗೆ ಹಾಕುವ ಲಗೇಜು 15 ಕಿಲೋ, ಕೈಚೀಲ 7 ಕಿಲೋ ಇರುವುದು ಹೆಚ್ಚು. ನಿಮ್ಮ ಟಿಕೆಟ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಲೆಕ್ಕ. ಹೆಚ್ಚಾದರೆ ಕಿಲೋ ಲೆಕ್ಕದಲ್ಲಿ ಹಣ ಕಟ್ಟಬೇಕು. ಊರಿನ ಅಂಗಡಿಯ ತಕ್ಕಡಿಯಲ್ಲೇ ತೂಗಿಸಿಕೊಂಡು ಹೊರಡಿ.

ಯಾವ ವಿಮಾನ, ಯಾವ ದಾರಿ?

ಪ್ರತಿ ಸಂಸ್ಥೆಗೂ ತನ್ನದೇ ಒಂದು ಮುಖ್ಯ ಊರು ಇರುತ್ತದೆ. ಎಮಿರೇಟ್ಸ್‌ಗೆ ದುಬೈ, ಎತಿಹಾದ್‌ಗೆ ಅಬುಧಾಬಿ, ಕತಾರ್ ಏರ್‌ವೇಸ್‌ಗೆ ದೋಹಾ. ಆ ಸಂಸ್ಥೆಯ ವಿಮಾನಗಳು ಅಲ್ಲಿ ಬಂದು ಸೇರಿ, ಅಲ್ಲಿಂದ ಬೇರೆ ಬೇರೆ ಕಡೆ ಹೊರಡುತ್ತವೆ. ನಮ್ಮ ಅರಸೀಕೆರೆ ಜಂಕ್ಷನ್ ಇದ್ದ ಹಾಗೆ. ಅಗ್ಗದ ಟಿಕೆಟ್ ಎಂದರೆ ಬಹಳ ಸಲ ಇಂಥ ಜಂಕ್ಷನ್‌ನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವ ಟಿಕೆಟ್. ಮೊದಲ ಸಲ ಒಬ್ಬರೇ ಹೋಗುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ನೇರ ವಿಮಾನ ಹಿಡಿಯುವುದು ಒಳ್ಳೆಯದು.

ಬದಲಿಸಲೇಬೇಕಾದರೆ ಒಂದು ಮಾತು ಕೇಳಿ: "ಎರಡೂ ಒಂದೇ ಪಿಎನ್‌ಆರಾ?" ಒಂದೇ ಪಿಎನ್‌ಆರ್ ಇದ್ದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದೆ ಕಳಿಸುವ ಹೊಣೆ ಸಂಸ್ಥೆಯದು. ಎರಡು ಬೇರೆ ಟಿಕೆಟ್ ಆಗಿದ್ದರೆ ಯಾರೂ ಹೊಣೆಯಲ್ಲ. ಗುಬ್ಬಿಯ ಬಸ್ಸು ತಡವಾಯಿತು ಎಂದು ತುಮಕೂರಿನಲ್ಲಿ ರೈಲು ಕಾಯುವುದಿಲ್ಲ ಅಲ್ಲವೇ? ಅದೇ ರೀತಿ.

ಸಂಸ್ಥೆಗಳೂ ಮುಳುಗುತ್ತವೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ಮುಂಗಡ ಹಣ ಕಟ್ಟಿದ ಪ್ರಯಾಣಿಕರು ಪರದಾಡಿದರು. ಆದ್ದರಿಂದ ರಸೀದಿ, ಟಿಕೆಟ್, ಹಣ ಕಟ್ಟಿದ ದಾಖಲೆ ಯಾವುದನ್ನೂ ಪ್ರಯಾಣ ಮುಗಿಯುವವರೆಗೆ ಬಿಸಾಡಬೇಡಿ.

ನಿಟ್ಟೂರಿನಿಂದ ನಿಲ್ದಾಣಕ್ಕೆ

ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ ಮೊದಲು, ವಿದೇಶದ್ದಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಕಾರಿನಲ್ಲಿ ಹೋಗುವವರು ಬೆಂಗಳೂರು ಒಳಗೆ ಹೋಗಬೇಕಿಲ್ಲ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. ಬಸ್ಸು, ರೈಲಿನಲ್ಲಿ ಹೋಗುವವರಿಗೆ ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ವಾಯುವಜ್ರ ಬಸ್ಸುಗಳಿವೆ. ಆ ದಾರಿಗೆ ಇನ್ನೂ ಹೆಚ್ಚು ಸಮಯ ಇಟ್ಟುಕೊಳ್ಳಿ.

ನಿಲ್ದಾಣದೊಳಗೆ ಐದು ಮೆಟ್ಟಿಲು

ಮೊದಲನೆಯದು ಬಾಗಿಲು. ಸಿಐಎಸ್‌ಎಫ್ ಸಿಬ್ಬಂದಿ ಟಿಕೆಟ್ ಮತ್ತು ಗುರುತಿನ ಚೀಟಿ ನೋಡುತ್ತಾರೆ. ಮುಖ ತೋರಿಸಿ ಹೋಗುವ ಡಿಜಿ ಯಾತ್ರಾ ಸಾಲು ಕಡ್ಡಾಯ ಅಲ್ಲ.

ಎರಡನೆಯದು ಚೆಕ್-ಇನ್. ನಿಮ್ಮ ವಿಮಾನ ಸಂಸ್ಥೆಯ ಕೌಂಟರ್‌ನಲ್ಲಿ ದೊಡ್ಡ ಲಗೇಜು ಕೊಟ್ಟು ಬೋರ್ಡಿಂಗ್ ಪಾಸ್ ಪಡೆಯುವುದು. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಈ ಕೌಂಟರ್ ಮುಚ್ಚುತ್ತದೆ. ಫೋನಿನಲ್ಲೇ ಮೊದಲೇ ಮಾಡಿಕೊಳ್ಳುವುದಕ್ಕೆ ವೆಬ್ ಚೆಕ್-ಇನ್ ಎನ್ನುತ್ತಾರೆ. ಅದರಲ್ಲಿ ಬೇಕಾದ ಸೀಟು ಆರಿಸಿದರೆ ಹಣ ಕೇಳುವುದುಂಟು. ಫೋನಿನಲ್ಲಿ ಮಾಡಲಾಗದೆ ಕೌಂಟರ್‌ಗೇ ಹೋದರೆ ಬೋರ್ಡಿಂಗ್ ಪಾಸ್‌ಗೆ ಬೇರೆ ಹಣ ಪಡೆಯಬಾರದು ಎಂದು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಂಸ್ಥೆಗಳಿಗೆ ಹೇಳಿದೆ. ಲಗೇಜಿಗೆ ಕೊಡುವ ಚಿಕ್ಕ ಚೀಟಿಯನ್ನು ಜೋಪಾನ ಮಾಡಿ. ಇಳಿದಾಗ ಲಗೇಜು ಬಾರದಿದ್ದರೆ ಅದೇ ಆಧಾರ.

ಮೂರನೆಯದು, ವಿದೇಶಕ್ಕೆ ಹೋಗುವವರಿಗೆ ಮಾತ್ರ, ವಲಸೆ ತಪಾಸಣೆ. ಪಾಸ್‌ಪೋರ್ಟ್, ವೀಸಾ ನೋಡಿ ಮುದ್ರೆ ಹಾಕುತ್ತಾರೆ.

ನಾಲ್ಕನೆಯದು ಭದ್ರತೆ. ಕೈಚೀಲ, ಫೋನು ಯಂತ್ರದೊಳಗೆ ಹೋಗುತ್ತವೆ. ಹೆಂಗಸರನ್ನು ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ನಾಚಿಕೆ, ಭಯ ಬೇಡ.

ಐದನೆಯದು ಗೇಟು. ಬೋರ್ಡಿಂಗ್ ಪಾಸ್‌ನಲ್ಲಿರುವ ಗೇಟಿನ ನಂಬರ್ ಕೊನೆ ಗಳಿಗೆಯಲ್ಲಿ ಬದಲಾಗಬಹುದು. ಟಿವಿ ಪರದೆ ನೋಡುತ್ತಿರಿ, ತಿಳಿಯದಿದ್ದರೆ ಕೇಳಿ. ಹೊರಡುವ ಸುಮಾರು 25 ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ.

ನಡೆಯಲಾಗದ ಹಿರಿಯರಿಗೆ ಗಾಲಿಕುರ್ಚಿಯ ಸೌಲಭ್ಯ ಇದೆ. ಟಿಕೆಟ್ ಮಾಡುವಾಗಲೇ ಹೇಳಬೇಕು. ತುಂಬು ಗರ್ಭಿಣಿಯರು ಡಾಕ್ಟರ ಪತ್ರ ಜೊತೆಗಿಟ್ಟುಕೊಳ್ಳಬೇಕು.

ಗಂಟಿನಲ್ಲಿ ಏನಿರಬಾರದು?

ನಮ್ಮ ಸೀಮೆಯವರು ಮಗಳ ಮನೆಗೆ ಕೊಬ್ಬರಿ ಇಲ್ಲದೆ ಹೋಗುವುದುಂಟೇ? ಆದರೆ ಇಡೀ ಒಣ ಕೊಬ್ಬರಿಯನ್ನು ವಿಮಾನಕ್ಕೆ ಒಯ್ಯಬೇಡಿ. ಎಣ್ಣೆ ಅಂಶ ಹೆಚ್ಚಿರುವುದರಿಂದ ಒತ್ತಾಗಿ ತುಂಬಿದ ಕೊಬ್ಬರಿ ತಾನೇ ಕಾವೇರಿ ಹೊತ್ತಿಕೊಳ್ಳುವ ಅಪಾಯ ಇದೆ ಎಂದು ಅದನ್ನು ಬೆಂಕಿಯ ಪದಾರ್ಥಗಳ ಪಟ್ಟಿಗೆ ಸೇರಿಸಿದ್ದಾರೆ. ಬಾಣಂತಿಗೆ ಬೇಕಾದರೆ ಮನೆಯಲ್ಲೇ ಅಂಟಿನುಂಡೆ ಕಟ್ಟಿ ಒಯ್ಯಿರಿ.

ಚಾಕು, ಕತ್ತರಿ, ಖಾರದ ಪುಡಿ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಒಳಗೆ ಹಾಕುವ ಲಗೇಜಿನಲ್ಲಿಡಿ. ಪವರ್ ಬ್ಯಾಂಕ್ ಮಾತ್ರ ಅದಕ್ಕೆ ತದ್ವಿರುದ್ಧ, ಕೈಚೀಲದಲ್ಲೇ ಇರಬೇಕು. ಬೆಂಕಿಪೊಟ್ಟಣ ಎರಡರಲ್ಲೂ ಬೇಡ.

ಗಲ್ಫ್ ದೇಶಗಳಿಗೆ ಹೋಗುವವರು ಗಸಗಸೆಯನ್ನು ಒಂದು ಚಮಚವೂ ಇಟ್ಟುಕೊಳ್ಳಬಾರದು. ನಮಗೆ ಅದು ಪಾಯಸದ ಸಾಮಾನು. ಯುಎಇ, ಸೌದಿ, ಕತಾರ್‌ಗಳಲ್ಲಿ ಅದು ನಿಷೇಧಿತ, ಮಾದಕ ವಸ್ತುವಿನ ಕಾನೂನಿನಲ್ಲಿ ಜೈಲಾಗಬಹುದು. ಮಾತ್ರೆಗಳಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. "ನಮ್ಮ ಹುಡುಗನಿಗೆ ಈ ಪೊಟ್ಟಣ ಕೊಡಕ್ಕಾ" ಎಂದು ಯಾರು ಕೊಟ್ಟರೂ, ಎಷ್ಟೇ ಬೇಕಾದವರಾದರೂ, ಒಳಗೇನಿದೆ ಎಂದು ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ.

ತೊಂದರೆಯಾದರೆ ನಮಗೆ ಸಲ್ಲಬೇಕಾದದ್ದು

2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾಗಿ ಜನ ನಿಲ್ದಾಣಗಳಲ್ಲೇ ರಾತ್ರಿ ಕಳೆದರು. ಇಂಥ ಹೊತ್ತಿನಲ್ಲಿ ಕೇಳುವವರಿಗೆ ಸಿಗುತ್ತದೆ, ಸುಮ್ಮನಿದ್ದವರಿಗೆ ಸಿಗುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮಗಳು ಹೀಗಿವೆ:

• ವಿಮಾನ ಕೆಲವು ಗಂಟೆ ತಡವಾದರೆ ಕಾಯುವವರಿಗೆ ಊಟ, ತಿಂಡಿ ಕೊಡಬೇಕು. 6 ಗಂಟೆಗಿಂತ ಹೆಚ್ಚು ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು.

• ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. ಯಾವುದು ಬೇಕೆಂದು ಹೇಳುವವರು ನಾವು. ಮೊದಲೇ ತಿಳಿಸದೆ ರದ್ದು ಮಾಡಿದ್ದರೆ ಅದರ ಜೊತೆಗೆ ಪರಿಹಾರವೂ ಉಂಟು. ಮಳೆ, ಮಂಜಿನಂಥ ಕಾರಣಕ್ಕೆ ಪರಿಹಾರ ಇಲ್ಲ.

• ಪಕ್ಕಾ ಟಿಕೆಟ್ ಇದ್ದು, ಸಮಯಕ್ಕೆ ಬಂದವರನ್ನು ಸೀಟು ತುಂಬಿದೆ ಎಂದು ಇಳಿಸಿದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡದಿದ್ದಾಗ ಪರಿಹಾರ ಕೊಡಬೇಕು. 24 ಗಂಟೆಯೊಳಗಿನ ವಿಮಾನ ಕೊಟ್ಟರೆ 10,000 ರೂ.ವರೆಗೆ, ಅದಕ್ಕಿಂತ ತಡವಾದರೆ 20,000 ರೂ.ವರೆಗೆ.

• ನಾವೇ ವಿಮಾನ ತಪ್ಪಿಸಿಕೊಂಡರೂ ಟಿಕೆಟ್‌ನಲ್ಲಿ ಸೇರಿಸಿದ್ದ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆ ಶುಲ್ಕವನ್ನು ಹಿಂದಿರುಗಿಸಬೇಕು. ಮೂಲ ದರ ಹೋಗಬಹುದು, ಎಲ್ಲವೂ ಹೋಗುವುದಿಲ್ಲ.

ಈ ಕೊನೆಯ ನಿಯಮ ಅಂದು ನಮಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ನಮ್ಮ ಸದಸ್ಯೆಯ ಪರವಾಗಿ ಪಿಎನ್‌ಆರ್ ಬರೆದು ಪತ್ರ ಹಾಕಿದೆವು. ದೊಡ್ಡ ಮೊತ್ತವೇನಲ್ಲ, ಆದರೂ ಸಾಲದ ಒಂದು ಕಂತಿಗೆ ಆಗುವಷ್ಟು ಹಣ ವಾಪಸು ಬಂತು. ಸಂಸ್ಥೆ ಉತ್ತರ ಕೊಡದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾದಲ್ಲಿ ದೂರು ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದಕ್ಕೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ ಇದೆ.

ಟಿಕೆಟ್ ಬೇರೆ, ಕೆಲಸದ ಅನುಮತಿ ಬೇರೆ

ಸಹೋದರಿಯರೇ, ಇದು ಎಲ್ಲಕ್ಕಿಂತ ಮುಖ್ಯ. ಮನೆಗೆಲಸಕ್ಕೆ ಕುವೈತ್, ಸೌದಿ, ಓಮನ್‌ಗೆ ಕಳಿಸುತ್ತೇವೆ ಎಂದು ಬರುವ ದಲ್ಲಾಳಿಗಳು ಮೊದಲು ತೋರಿಸುವುದು ವಿಮಾನದ ಟಿಕೆಟ್. ಅದನ್ನು ನೋಡಿ ನಮ್ಮವರು ನಂಬಿಬಿಡುತ್ತಾರೆ. ಟಿಕೆಟ್ ಅಲ್ಲಿಗೆ ಮುಟ್ಟಿಸುತ್ತದೆ ಅಷ್ಟೇ. ಅಲ್ಲಿ ಇರುವ ಹಕ್ಕು ಕೊಡುವುದು ವೀಸಾ. ದುಡಿಯುವ ಹಕ್ಕು ಕೊಡುವುದು ಕೆಲಸದ ವೀಸಾ ಮತ್ತು ಒಪ್ಪಂದ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಕನಿಷ್ಠ 30 ವರ್ಷ ತುಂಬಿರಬೇಕು, ಸರ್ಕಾರ ಗುರುತಿಸಿದ ಸರ್ಕಾರಿ ಏಜೆನ್ಸಿಗಳ ಮೂಲಕವೇ ಹೋಗಬೇಕು. ಈ ದಾರಿಯಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿ ವಿಮೆಯೂ ಇರುತ್ತದೆ. ಮಗಳ ಮನೆಗೆ ಹೋಗಿ ಬರುವವರಿಗೆ ಈ ಅನುಮತಿ ಬೇಕಿಲ್ಲ, ವೀಸಾ ಮತ್ತು ವಾಪಸು ಟಿಕೆಟ್ ಇರಬೇಕು.

ದಲ್ಲಾಳಿ "ವಿಸಿಟ್ ವೀಸಾದಲ್ಲಿ ಹೋಗಕ್ಕಾ, ಅಲ್ಲಿ ಹೋದ ಮೇಲೆ ಸರಿ ಮಾಡಿಸ್ತೀವಿ" ಅಂದರೆ ಅಲ್ಲಿಗೇ ನಿಲ್ಲಿಸಿ. ಆ ದಾರಿಯಲ್ಲಿ ಹೋದವರಿಗೆ ವಿಮೆ ಇಲ್ಲ, ಒಪ್ಪಂದ ಇಲ್ಲ, ಸಂಬಳ ಕೊಡದಿದ್ದರೆ ಕೇಳುವಂತಿಲ್ಲ. ಪಾಸ್‌ಪೋರ್ಟ್ ಯಜಮಾನನ ಕೈ ಸೇರಿದರೆ ವಾಪಸು ಬರುವ ಟಿಕೆಟ್ಟೂ ಉಪಯೋಗಕ್ಕೆ ಬಾರದು. ಹೊರಡುವ ಮೊದಲೇ ವಿದೇಶಾಂಗ ಸಚಿವಾಲಯದ ಉಚಿತ ಸಹಾಯವಾಣಿ 1800 11 3090ಕ್ಕೆ ಫೋನ್ ಮಾಡಿ ವಿಚಾರಿಸಿ.

ಸಂಘದಲ್ಲಿ ಏನು ಮಾಡಬಹುದು?

ಆ ಸಂಘದವರು ಒಂದು ನಿರ್ಣಯ ಮಾಡಿ ಪುಸ್ತಕದಲ್ಲಿ ಬರೆದಿದ್ದಾರೆ. ಪ್ರಯಾಣಕ್ಕೆ ಸಾಲ ಕೇಳಿದವರ ಟಿಕೆಟನ್ನು ವಾರದ ಸಭೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಹೆಸರು, ತಾರೀಕು, ಸಮಯ, ಟರ್ಮಿನಲ್, ತೂಕ ಓದಿದ ಮೇಲೆ, ಮನೆ ಬಿಡುವ ದಿನ ಮತ್ತು ಹೊತ್ತನ್ನು ನಮ್ಮ ಲೆಕ್ಕದಲ್ಲಿ ಬರೆದುಕೊಡಬೇಕು. ಸಾಲ ಕೊಟ್ಟವರೆಲ್ಲರ ಹಣ ಅದರಲ್ಲಿದೆಯಲ್ಲ, ಓದುವ ಹೊಣೆಯೂ ಎಲ್ಲರದು.

ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಅದೇ ಸದಸ್ಯೆ ಮತ್ತೆ ದೆಹಲಿಗೆ ಹೊರಟರು. ಈ ಸಲ ಟಿಕೆಟ್‌ನಲ್ಲಿ 05:55 ಎಂದಿತ್ತು. ಸಭೆಯಲ್ಲಿ ಓದಿ ಮುಗಿಸುವ ಮೊದಲೇ ಅವರೇ ಹೇಳಿದರು: "ಬೆಳಗಿನ ಜಾವ ಕಣ್ರೀ. ಹಿಂದಿನ ರಾತ್ರಿ ಹನ್ನೆರಡಕ್ಕೇ ಮನೆ ಬಿಡಬೇಕು." ಬಿಟ್ಟರು, ತಲುಪಿದರು. ಅಂಟಿನುಂಡೆಯೂ ತಲುಪಿತು.

ಮುಂದಿನ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಸಂಘದಲ್ಲಿ ಎಷ್ಟು ಜನರ ಆಧಾರ್, ಬ್ಯಾಂಕ್ ಪುಸ್ತಕ, ಪಾಸ್‌ಪೋರ್ಟ್‌ಗಳಲ್ಲಿ ಹೆಸರು ಬೇರೆ ಬೇರೆ ಇದೆ?

2. 20ನೇ ತಾರೀಕು 01:15 ಎಂಬ ಟಿಕೆಟ್‌ಗೆ ನಿಟ್ಟೂರಿನಿಂದ ಯಾವ ದಿನ, ಎಷ್ಟು ಹೊತ್ತಿಗೆ ಹೊರಡಬೇಕು?

3. ನಮ್ಮ ಊರಿನಿಂದ ವಿದೇಶಕ್ಕೆ ಕೆಲಸಕ್ಕೆ ಹೋದ ಹೆಣ್ಣುಮಕ್ಕಳು ಯಾರು ಯಾರು? ಅವರ ವೀಸಾ ಯಾವುದು, ಮನೆಯವರಿಗೆ ಗೊತ್ತೇ?